ನಾಟಿ ಹಚ್ಚುವ ಮೊಣಕಾಲಿಗೆ ಶೇಕಡಾ ಎಷ್ಟು?

ಗೆ,
ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳು,
ಕರ್ನಾಟಕ ಹೈಕೋರ್ಟ್, ಬೆಂಗಳೂರು.

ಮಾನ್ಯರೇ,

ನಾನು ಟಿ.ಬಿ. ಡ್ಯಾಂ ನಿವಾಸಿ. ಹೊಸಪೇಟೆಯಲ್ಲಿ ಮೋಟಾರು ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲ. ವಿಚಾರಣೆ ಬಾಕಿ ಇರುವ ಯಾವ ಪ್ರಕರಣದ ಬಗ್ಗೆಯೂ ಈ ಪತ್ರದಲ್ಲಿ ಮಾತಿಲ್ಲ. ಗಾಯಾಳುವಿನ ಪರವಾಗಿ ಸಾಕ್ಷಿಕಟ್ಟೆ ಹತ್ತುವ ವೈದ್ಯರು ಹೇಳುವ ಒಂದೇ ಒಂದು ಅಂಕಿ ಒಂದು ಮನೆಯ ಮುಂದಿನ ಬದುಕನ್ನೆಲ್ಲ ತೀರ್ಮಾನಿಸಿಬಿಡುತ್ತದೆ. ಆ ಬಗ್ಗೆ ತಮ್ಮ ಗಮನ ಸೆಳೆಯಬೇಕಿದೆ.

ನಮ್ಮ ಭಾಗದ ರಸ್ತೆಗಳು ಎಂಥವೆಂದು ತಮಗೆ ಗೊತ್ತಿರಬಹುದು. ಸಂಡೂರಿನಿಂದ ಅದಿರು ಲಾರಿಗಳು, ಕಂಪ್ಲಿ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರುಗಳು, ಹಂಪಿಗೆ ಬರುವ ಪ್ರವಾಸಿಗರ ವಾಹನಗಳು, ಇವೆಲ್ಲದರ ನಡುವೆ ಚಿತ್ರದುರ್ಗದಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯ ವೇಗ. ಇಲ್ಲಿ ಬೀಳುವವರು ಹೆಚ್ಚಾಗಿ ಹಮಾಲರು, ಗೌಂಡಿಗಳು, ಬಾಳೆತೋಟದ ಆಳುಗಳು, ನಾಟಿಗೆ ಹೋಗುವ ಹೆಣ್ಣುಮಕ್ಕಳು. ಕಾಲು ಮುರಿದರೆ ಮೊದಲು ಹೊಸಪೇಟೆ, ಅಲ್ಲಿಂದ ಬಳ್ಳಾರಿ, ಗಾಯ ದೊಡ್ಡದಾದರೆ ಹುಬ್ಬಳ್ಳಿ. ರಾಡು, ಪ್ಲೇಟು ಹಾಕಿದ ಡಾಕ್ಟರು ಒಬ್ಬರು. ಕೇಸು ಸಾಕ್ಷ್ಯದ ಹಂತಕ್ಕೆ ಬರುವ ಹೊತ್ತಿಗೆ ಅವರಿಗೆ ವರ್ಗವಾಗಿರುತ್ತದೆ, ಇಲ್ಲವೇ ಹೊರರೋಗಿಗಳ ಸಾಲು ಬಿಟ್ಟು ಅರವತ್ತು ಕಿಲೋಮೀಟರು ಬಂದು ಕೋರ್ಟಿನ ಪಡಸಾಲೆಯಲ್ಲಿ ಕಾಯಲು ಅವರು ಒಪ್ಪುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ಆಗ ಗಾಯಾಳು ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಕಾರ್ಡು ಹಿಡಿದು ಮತ್ತೊಬ್ಬ ಮೂಳೆ ಡಾಕ್ಟರ ಬಳಿ ಹೋಗುತ್ತಾನೆ. ಅವರು ನೋಡಿ, ಅಳೆದು, ಸರ್ಟಿಫಿಕೇಟ್ ಬರೆದು ಅರ್ಜಿದಾರರ ಎರಡನೇ ಸಾಕ್ಷಿಯಾಗಿ (ಪಿ.ಡಬ್ಲ್ಯೂ. 2) ಬರುತ್ತಾರೆ. ಪಾಟೀಸವಾಲು ಹೇಗೆ ನಡೆಯುತ್ತದೆಂದು ಈ ಕೆಲಸದಲ್ಲಿರುವವರಿಗೆಲ್ಲ ಬಾಯಿಪಾಠ. ಗಾಯಾಳುವಿಗೆ ಚಿಕಿತ್ಸೆ ನೀಡಿದ್ದು ನಾನಲ್ಲ ಎಂದರೆ ಸರಿ. ಪ್ರಮಾಣಪತ್ರ ಕೊಡುವ ದಿನ ಮಾತ್ರ ಪರೀಕ್ಷಿಸಿದ್ದೇನೆ ಎಂದರೆ ಸರಿ. ಅರ್ಜಿದಾರರಿಗೆ ಸಹಾಯವಾಗಲೆಂದು ಹೆಚ್ಚು ಅಂಗವೈಕಲ್ಯ ತೋರಿಸಿದ್ದೇನೆ ಎಂದರೆ ಸರಿಯಲ್ಲ. ಇಷ್ಟರಲ್ಲಿ ಡಾಕ್ಟರ ಸಾಕ್ಷ್ಯ ಮುಗಿಯುತ್ತದೆ.

ಕಂಪ್ಲಿ ಕಡೆಯ ಒಬ್ಬ ಹೆಣ್ಣುಮಗಳ ಕೇಸು ಹೀಗೇ ನಡೆದು ಮುಗಿಯಿತು. ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದು ಕೂಡಿದ್ದವು, ಆದರೆ ಸೊಟ್ಟಗೆ ಕೂಡಿದ್ದವು. ಮೊಣಕಾಲು ತೊಂಬತ್ತು ಡಿಗ್ರಿಯ ಆಚೆ ಮಡಚುತ್ತಿರಲಿಲ್ಲ. ಡಾಕ್ಟರು ಕಾಲಿಗೆ ಶೇ 30 ಎಂದು ಬರೆದರು. ನಮ್ಮ ಕಡೆಯ ರೂಢಿಯಂತೆ ಅದರ ಮೂರನೇ ಒಂದು ಭಾಗ, ಅಂದರೆ ಶೇ 10, ಇಡೀ ದೇಹದ ವೈಕಲ್ಯವೆಂದು ಲೆಕ್ಕಕ್ಕೆ ಬಂತು. ಹೊರಗೆ ಬೆಂಚಿನ ಮೇಲೆ ಕೂತು ಆಕೆ ಹೇಳಿದ್ದು ಇದು: "ಕುಕ್ಕರಗಾಲಾಗ ಕುಂದ್ರಾಕ ಬರಂಗಿಲ್ರೀ. ಕೆಸರಾಗ ಇಟ್ಟ ಕಾಲು ಕೀಳಾಕ ಆಗಂಗಿಲ್ಲ. ನಾಟಿ ಗುಂಪಿನಾಗ ನನ್ನ ಕರೆಯೋದ ಬಿಟ್ಟಾರ." ಮೇಸ್ತ್ರಿ ಕರೆಯದ ಮೇಲೆ ಆಕೆಯ ಪಾಲಿಗೆ ಉಳಿದ ಶೇ 90 ದುಡಿಮೆ ಎಲ್ಲಿದೆ?

ಆಕೆ ಮತ್ತೆ ನಾಟಿ ಮಾಡಬಲ್ಲಳೇ ಎಂದು ವಕೀಲರಾದ ನೀವು ಡಾಕ್ಟರಿಗೆ ಕೇಳಬಾರದೇ ಎನ್ನಬಹುದು. ಕೇಳುತ್ತೇವೆ. ಅವರ ಕೈಯಲ್ಲಿರುವುದು ಕೇಂದ್ರ ಸರ್ಕಾರ ಹೊರಡಿಸಿದ ಅಂಗವೈಕಲ್ಯ ಮಾರ್ಗಸೂಚಿ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂಬುದಕ್ಕೆ ಅಲ್ಲಿ ಅಳತೆ ಉಂಟು. ಗದ್ದೆಯಲ್ಲಿ ದಿನವಿಡೀ ಬಗ್ಗಿ ನಿಲ್ಲುವುದಕ್ಕೆ, ಐವತ್ತು ಕಿಲೋ ಚೀಲ ಬೆನ್ನಿಗೇರಿಸುವುದಕ್ಕೆ ಇಲ್ಲ. "ಅದು ನನ್ನ ಅಭಿಪ್ರಾಯದ ವ್ಯಾಪ್ತಿಗೆ ಬರುವುದಿಲ್ಲ" ಎಂದು ಪ್ರಾಮಾಣಿಕ ಡಾಕ್ಟರು ಕೈಚೆಲ್ಲುತ್ತಾರೆ.

ಈ ಅಂಕಿಯ ಬೆಲೆ ಎಷ್ಟೆಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ತಿಂಗಳಿಗೆ 12,000 ರೂಪಾಯಿ ದುಡಿಯುವ 35 ವರ್ಷದ ಕೂಲಿ ಎಂದಿಟ್ಟುಕೊಳ್ಳಿ. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನಂತೆ ಆ ವಯಸ್ಸಿಗೆ ವರ್ಷದ ದುಡಿಮೆಯನ್ನು ಗುಣಿಸುವ ಗುಣಕ 16. ಶೇ 10 ಎಂದರೆ ದುಡಿಮೆಯ ನಷ್ಟಕ್ಕೆ 2,30,400 ರೂಪಾಯಿ. ಶೇ 30 ಎಂದರೆ 6,91,200. ಒಂದರಲ್ಲಿ ಆಸ್ಪತ್ರೆಯ ಸಾಲ ತೀರುತ್ತದೆ, ಮತ್ತೊಂದರಲ್ಲಿ ಒಂದು ಸಣ್ಣ ಅಂಗಡಿ ಏಳುತ್ತದೆ.

ಕಾನೂನು ನಮ್ಮ ವಿರುದ್ಧ ಇಲ್ಲ, ಮಾನ್ಯರೇ. 2010ರ ಅಕ್ಟೋಬರ್‌ನಲ್ಲೇ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ದೇಹದ ವೈಕಲ್ಯ ಎಷ್ಟೆಂದು ಹೇಳುವುದು ವೈದ್ಯರ ಕೆಲಸ, ದುಡಿಮೆ ಎಷ್ಟು ಹೋಯಿತೆಂದು ಅಳೆಯುವುದು ನ್ಯಾಯಮಂಡಳಿಯ ಕೆಲಸ. ಎಡಗೈ ಹೋದ ಡ್ರೈವರ್ ಅಥವಾ ಬಡಗಿಯ ದುಡಿಮೆ ಪೂರ್ತಿ ನಿಂತೀತು, ಅದೇ ಸರ್ಕಾರಿ ಗುಮಾಸ್ತನ ಕೆಲಸ ಉಳಿದೀತು ಎಂಬುದು ಆ ತೀರ್ಪಿನದೇ ಉದಾಹರಣೆ. 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿದ್ದ ನಮ್ಮವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರು ಸೈಯದ್ ಸಾದಿಕ್ ಪ್ರಕರಣದಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ದುಡಿಮೆಯ ನಷ್ಟವನ್ನು ಶೇ 85 ಎಂದು ನಿಗದಿ ಮಾಡಿದರು. ಅಂಥ ಮನುಷ್ಯನಿಂದ ಆದಾಯದ ಕಾಗದಪತ್ರ ಕೇಳುವುದು ಹೇಗೆ ಎಂದು ಪ್ರಶ್ನಿಸಿದ್ದೂ ಅದೇ ತೀರ್ಪು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಮಿನ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ಬಂದಿದೆ. ತಜ್ಞರ ಅಭಿಪ್ರಾಯ ನ್ಯಾಯಾಲಯದ ನೆರವಿಗೆ ಎಂಬ ತಿರುಳು ಬದಲಾಗಿಲ್ಲ. ಆದರೆ ಕೆಳಗಿನ ಹಂತದಲ್ಲಿ, ಕೇಸುಗಳ ರಾಶಿಯ ನಡುವೆ, ಆ ಅಭಿಪ್ರಾಯವನ್ನು ಮೂರರಿಂದ ಭಾಗಿಸಿದರೆ ಉತ್ತರ ಬಂತು ಎಂಬಂತಾಗಿದೆ.

ವಿಮಾ ಕಂಪನಿಗಳ ದೂರೂ ಸುಳ್ಳಲ್ಲ. ಕೇಳಿದಷ್ಟು ಶೇಕಡಾ ಬರೆದುಕೊಡುವವರು ಇದ್ದಾರೆ. ಅದೇ ರಾಜ್ ಕುಮಾರ್ ತೀರ್ಪು ಸಿದ್ಧ ಸರ್ಟಿಫಿಕೇಟುಗಳ ಬಗ್ಗೆ ಎಚ್ಚರಿಸಿದೆ, ಅನುಮಾನ ಬಂದರೆ ವೈದ್ಯಕೀಯ ಮಂಡಳಿಗೆ ಕಳಿಸಿ ಎಂದಿದೆ. ಡಾಕ್ಟರರ ಫೀಸನ್ನು ಗಾಯಾಳುವೇ ಸಾಲ ಮಾಡಿ ಕೊಡುವ ಪದ್ಧತಿ ಇರುವತನಕ ಈ ಅನುಮಾನ ಹೋಗುವುದಿಲ್ಲ. ದುಡ್ಡು ಕೊಟ್ಟು ಕರೆತಂದ ಸಾಕ್ಷಿ ಎಂಬ ಮಾತು ನಿಜವಾದ ಗಾಯದ ಮೇಲೂ ಬೀಳುತ್ತದೆ.

ತಜ್ಞರ ಮಾತಿಗೆ ತೂಕ ಬರುವುದು ಹೇಗೆಂದು ನಮ್ಮೂರು ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಸರ್ಕಾರ ತಡಮಾಡಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿತು. ಅವರು ಹರಿಯುವ ನೀರಿನ ಎದುರೇ ನಿಂತು ಏನು ಮಾಡಲು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಹೇಳಿದರು. ವಾರದೊಳಗೆ ಗೇಟಿನ ಜಾಗದಲ್ಲಿ ತಾತ್ಕಾಲಿಕ ತಡೆಗಳು (ಸ್ಟಾಪ್‌ಲಾಗ್) ಕೂತವು, ನೀರು ಉಳಿಯಿತು. ಅವರ ಮಾತಿಗೆ ತೂಕ ಬಂದದ್ದು ಅವರು ಯಾರ ಪರವೂ ಅಲ್ಲದ್ದರಿಂದ, ಮತ್ತು ಕೇಳಬೇಕಾದ ಪ್ರಶ್ನೆಯನ್ನೇ ಅವರಿಗೆ ಕೇಳಿದ್ದರಿಂದ. ಮುರಿದ ಕಾಲಿಗೂ ಅಂಥ ತಜ್ಞರನ್ನು ಕೊಡುವ ಶಕ್ತಿ ಈ ರಾಜ್ಯಕ್ಕಿದೆ.

ಆದ್ದರಿಂದ ಕೇಳಿಕೊಳ್ಳುವುದಿಷ್ಟು. ಪ್ರತಿ ಜಿಲ್ಲೆಗೆ ಮೂಳೆ, ನರ, ಕಣ್ಣಿನ ತಜ್ಞರ ಒಂದು ಪಟ್ಟಿ ಸಿದ್ಧವಾಗಲಿ. ನಮ್ಮ ವಿಜಯನಗರ ಹೊಸ ಜಿಲ್ಲೆ; ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹಾಗಾಗಿ ನಮ್ಮಲ್ಲಿ ಎರಡೂ ಜಿಲ್ಲೆಗೆ ಸೇರಿ ಒಂದೇ ಪಟ್ಟಿ ಮಾಡಿದರೂ ಆದೀತು. ನ್ಯಾಯಮಂಡಳಿಯೇ ಗಾಯಾಳುವನ್ನು ಅವರಲ್ಲಿಗೆ ಕಳಿಸಲಿ, ಫೀಸನ್ನು ವಿಮಾ ಕಂಪನಿ ಮುಂಗಡವಾಗಿ ಕಟ್ಟಲಿ. ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ನಿಗದಿತ ಗಂಟೆ ಕೊಟ್ಟು, ಅವರ ಆಸ್ಪತ್ರೆಯಿಂದಲೇ ವಿಡಿಯೊ ಮೂಲಕ ಸಾಕ್ಷ್ಯ ಬರೆಸಿಕೊಳ್ಳಲಿ. 2020ರಲ್ಲಿ ತಮ್ಮ ಹೈಕೋರ್ಟೇ ಅದಕ್ಕೆ ನಿಯಮ ಮಾಡಿದೆ. ಎಲ್ಲಕ್ಕಿಂತ ಮುಖ್ಯವಾಗಿ, ವೈದ್ಯರ ವರದಿಯಲ್ಲಿ ಶೇಕಡಾವಾರಿನ ಕೆಳಗೆ ಕೆಲವು ಪ್ರಶ್ನೆಗಳು ಕಡ್ಡಾಯವಾಗಲಿ: ಗಾಯಕ್ಕೆ ಮುಂಚೆ ಏನು ಕೆಲಸ? ಆ ಕೆಲಸಕ್ಕೆ ದೇಹದ ಯಾವ ಭಾಗ ಬೇಕು? ಈಗ ಕುಕ್ಕರಗಾಲಲ್ಲಿ ಕೂರಬಲ್ಲರೇ, ಬಗ್ಗಬಲ್ಲರೇ, ಭಾರ ಹೊರಬಲ್ಲರೇ, ಏಣಿ ಹತ್ತಬಲ್ಲರೇ? ಇದಕ್ಕೆ ಉತ್ತರ ಬರೆಯುವುದು ಯಾವ ಮೂಳೆ ಡಾಕ್ಟರಿಗೂ ಕಷ್ಟವಲ್ಲ. ವರದಿಯಲ್ಲೇ ಬರೆಯಬೇಕೆಂದು ಅವರಿಗೆ ಇದುವರೆಗೆ ಯಾರೂ ಕಡ್ಡಾಯ ಮಾಡಿಲ್ಲ, ಅಷ್ಟೇ.

ಶೇ 10ರ ತೀರ್ಪಿನ ಮೇಲೆ ಧಾರವಾಡ ಪೀಠಕ್ಕೆ ಅಪೀಲು ಹೋಗಬಹುದು ಎಂಬುದು ನಿಜ. ಆದರೆ ಅಲ್ಲಿಗೂ ಹೋಗುವುದು ಇಲ್ಲಿ ಬರೆದುಕೊಂಡ ಸಾಕ್ಷ್ಯವೇ. ಇಲ್ಲಿ ಡಾಕ್ಟರನ್ನು ಕೇಳದ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ತಮ್ಮ ಕಚೇರಿಯ ಒಂದು ಸುತ್ತೋಲೆ ಸಾಕು. ದಯವಿಟ್ಟು ಅದನ್ನು ಹೊರಡಿಸಿ.

ತಮ್ಮ ವಿಶ್ವಾಸಿ,
ಟಿ.ಬಿ. ಡ್ಯಾಂನ ಒಬ್ಬ ವಕೀಲ