ಆ ಪ್ಲಸ್ ಗುರುತು ಯಾರಿಗೆ ಕಾಣುತ್ತೆ ಸ್ವಾಮಿ?

ಈಗ ಯಾವ ವೆಬ್ ಪುಟ ತೆರೆದರೂ ಒಂದೇ ಚಾಳಿ. ಅರ್ಹತೆ, ಶುಲ್ಕ, ಕೊನೆಯ ದಿನಾಂಕ... ಶೀರ್ಷಿಕೆಗಳು ಮಾತ್ರ ಸಾಲಾಗಿ ನಿಂತಿರುತ್ತವೆ, ಪಕ್ಕದಲ್ಲೊಂದು ಪ್ಲಸ್ ಗುರುತು. ಒತ್ತಿದರೆ ವಿಷಯ ಬಿಚ್ಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತದೆ. ಉದ್ದದ ಪುಟ ಚಿಕ್ಕದಾಗುತ್ತದೆ, ಒಳ್ಳೆಯದೇ. ಈ ಮಡಿಕೆಗಳ ಮೇಲೆ ನನಗೇನೂ ದ್ವೇಷವಿಲ್ಲ. ನನ್ನ ಜಗಳ ಇರುವುದು ಅವನ್ನು ಕಟ್ಟುವವರ ಸೋಮಾರಿತನದ ಜೊತೆ.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಎನ್‌ವಿಡಿಎ, ಜಾಸ್, ಆಂಡ್ರಾಯ್ಡ್ ಮೊಬೈಲಿನ ಟಾಕ್‌ಬ್ಯಾಕ್, ಇವೆಲ್ಲ ಪುಟವನ್ನು ಓದಿ ಹೇಳುತ್ತವೆ. ಆದರೆ ಅವಕ್ಕೆ ಬೇಕಾದದ್ದು ಪುಟದ ಅಂದವಲ್ಲ, ಅದರ ಹಿಂದಿರುವ ಕೋಡ್. ನಮ್ಮ ಡೆವಲಪರ್ ಮಹಾಶಯರು ಏನು ಮಾಡುತ್ತಾರೆ? ಒಂದು ಡಿವ್ ಹಾಕಿ, ಅದಕ್ಕೊಂದು ಆನ್‌ಕ್ಲಿಕ್ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಕಣ್ಣಿದ್ದವರಿಗೆ ಅದು ಬಟನ್. ಸ್ಕ್ರೀನ್ ರೀಡರಿಗೆ ಬರೀ "ಕೊನೆಯ ದಿನಾಂಕ" ಎಂಬ ಎರಡು ಪದ. ಟ್ಯಾಬ್ ಕೀಲಿ ಅಲ್ಲಿ ನಿಲ್ಲುವುದೇ ಇಲ್ಲ. ಹೆಚ್ಚೆಂದರೆ "ಕ್ಲಿಕ್ಕೆಬಲ್" ಅಂತ ಒಂದು ಗೊಣಗಾಟ. ಒಳಗೆ ಏನೋ ಅಡಗಿದೆ ಎಂದಾಗಲಿ, ಒತ್ತಿದ ಮೇಲೆ ತೆರೆಯಿತು ಎಂದಾಗಲಿ ಹೇಳುವವರಿಲ್ಲ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಬಂದ ಹುಡುಗಿ, ದಿನಾಂಕ ಇನ್ನೂ ಪ್ರಕಟವಾಗಿಲ್ಲ ಅಂದುಕೊಂಡು ಹೊರಟೇ ಹೋಗುತ್ತಾಳೆ.

ಇನ್ನು ಕೆಲವರದು ತದ್ವಿರುದ್ಧ. ವಿಷಯದ ಎತ್ತರವನ್ನು ಸೊನ್ನೆ ಮಾಡಿ ಮರೆಮಾಡುತ್ತಾರೆ. ಕಣ್ಣಿಗೆ ಮುಚ್ಚಿದೆ, ಆದರೆ ಸ್ಕ್ರೀನ್ ರೀಡರ್ ಅಷ್ಟನ್ನೂ ಓದುತ್ತದೆ! ಕಾಣದ ಲಿಂಕುಗಳ ಮೇಲೆಲ್ಲ ಟ್ಯಾಬ್ ಅಲೆಯುತ್ತದೆ. ಮೌಸ್ ಹಿಡಿಯಲಾಗದೆ ಕೀಲಿಮಣೆಯನ್ನೇ ನಂಬಿದವರಿಗೂ ಇದೇ ಗೋಳು.

ಸರಿಪಡಿಸಲು ದೊಡ್ಡ ವಿದ್ಯೆಯೇನೂ ಬೇಡ. ಎಚ್‌ಟಿಎಂಎಲ್‌ನಲ್ಲೇ ಡೀಟೇಲ್ಸ್ ಮತ್ತು ಸಮ್ಮರಿ ಎಂಬ ಜೋಡಿ ಟ್ಯಾಗುಗಳಿವೆ. 2020ರ ಜನವರಿಯಲ್ಲಿ ಹೊಸ ಎಡ್ಜ್ ಬಂದ ಮೇಲಂತೂ ಮುಖ್ಯ ಬ್ರೌಸರುಗಳೆಲ್ಲ ಇವನ್ನು ಬಲ್ಲವು. ಒಂದು ಸಾಲು ಜಾವಾಸ್ಕ್ರಿಪ್ಟೂ ಬೇಡ. ಇಲ್ಲ, ನಮ್ಮದೇ ವಿನ್ಯಾಸ ಬೇಕು ಅಂತೀರಾ? ಹೆಡಿಂಗಿನ ಒಳಗೆ ನಿಜವಾದ ಬಟನ್ ಇಡಿ. ಅದಕ್ಕೆ ಏರಿಯಾ-ಎಕ್ಸ್‌ಪ್ಯಾಂಡೆಡ್ ಸೇರಿಸಿ: ಮುಚ್ಚಿದ್ದಾಗ ಫಾಲ್ಸ್, ತೆರೆದಾಗ ಟ್ರೂ. ಮುಚ್ಚಿದ ಭಾಗಕ್ಕೆ ಹಿಡನ್ ಹಾಕಿ. ಆಗ "ಇದು ಬಟನ್, ಮುಚ್ಚಿದೆ" ಎಂದು ಕೇಳುವವರಿಗೆ ತಿಳಿಯುತ್ತದೆ. ಎಚ್ ಕೀಲಿ ಒತ್ತುತ್ತಾ ಹೆಡಿಂಗಿನಿಂದ ಹೆಡಿಂಗಿಗೆ ಜಿಗಿಯುವವರಿಗೂ ಸಿಗುತ್ತದೆ. ಹಾಂ, ಹತ್ತೂ ಬಟನ್ನುಗಳಿಗೆ "ಇನ್ನಷ್ಟು ಓದಿ" ಎಂದೇ ಹೆಸರಿಡಬೇಡಿ. ಏನನ್ನು ಓದುವುದು?

"ನಮ್ಮ ಸೈಟಿಗೆ ಕುರುಡರು ಎಲ್ಲಿ ಬರ್ತಾರೆ ಸಾರ್?" ಎಂಬ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಅಟ್ಟಕ್ಕೆ ಏಣಿಯನ್ನೇ ಇಡದೆ, ಮೇಲೆ ಯಾರೂ ಹತ್ತುವುದಿಲ್ಲ ಅಂದ ಹಾಗಾಯ್ತು ಇದು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿಯಾಗಿದೆ. ಹಕ್ಕನ್ನು ಉಪಕಾರ ಅಂದುಕೊಳ್ಳುವುದನ್ನು ಇನ್ನಾದರೂ ಬಿಡೋಣ.

ನಂಬಿಕೆ ಬಾರದಿದ್ದರೆ ಎನ್‌ವಿಡಿಎ ಇಳಿಸಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಮೌಸ್ ಬದಿಗಿಡಿ, ಮಾನಿಟರ್ ಆರಿಸಿ, ನೀವೇ ಕಟ್ಟಿದ ಪುಟದಲ್ಲಿ ಕೊನೆಯ ದಿನಾಂಕ ಹುಡುಕಿ. ಸಿಗಲಿಲ್ಲವೇ? ಹಾಗಾದರೆ ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ. ಏನಂತೀರಿ?