ಅಗ್ಗದ ಮೊದಲ ಸ್ಥಾನ

ಕಾಳೇವಾಡಿಯಲ್ಲಿ ನೀರಿನ ಪಂಪು ರಿಪೇರಿ ಮಾಡುವ ನಮ್ಮವರೊಬ್ಬರಿದ್ದಾರೆ, ಅಫಜಲಪುರದ ಕಡೆಯವರು. ಅವರಿಗೊಮ್ಮೆ ಫೋನು ಬಂತು: ತಿಂಗಳಿಗೆ 3,000 ರೂಪಾಯಿ ಕೊಟ್ಟರೆ ಸಾಕು, ಇಡೀ ಪಿಂಪ್ರಿ-ಚಿಂಚವಾಡದಲ್ಲಿ ಯಾರು ಪಂಪು ರಿಪೇರಿ ಎಂದು ಹುಡುಕಿದರೂ ಗೂಗಲ್‌ನಲ್ಲಿ ಮೊದಲು ನಿಮ್ಮ ಹೆಸರೇ. ಎಂಟು ತಿಂಗಳು ಕೊಟ್ಟರು. ಕೊಡುವುದನ್ನು ನಿಲ್ಲಿಸಿದ ಮೇಲೆ ನಕ್ಷೆಯಲ್ಲಿದ್ದ ಅವರ ಅಂಗಡಿಯ ಮುಂದೆ ಬೇರೆ ಯಾರದೋ ಫೋನ್ ನಂಬರು ಕಾಣಿಸಿಕೊಂಡಿತು. ಅಂಗಡಿ ಅವರದು, ಚಿತ್ರಗಳು ಅವರವು, ಗಿರಾಕಿಗಳು ಬರೆದ ಮೆಚ್ಚುಗೆಯೂ ಅವರ ಕೈಕೆಲಸಕ್ಕೆ ಸಂದದ್ದು. ಕರೆ ಮಾತ್ರ ಇನ್ನಾರಿಗೋ.

ಇದನ್ನು ಮೋಸವೆಂದು ಕರೆದು ಸುಮ್ಮನಾಗುವುದು ಸುಲಭ. ನನ್ನ ತಕರಾರು ಇರುವುದು ‘ಅಗ್ಗ’ ಎಂಬ ಆ ಮಾತಿನ ಮೇಲೆ. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ದಾಖಲಿಸಲು ಒಂದು ಕಾಸೂ ಬೇಡ. 2021ರ ನವೆಂಬರ್‌ವರೆಗೆ ಗೂಗಲ್ ಮೈ ಬಿಸಿನೆಸ್ ಎಂದೂ ಆಮೇಲೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದೂ ಕರೆಸಿಕೊಂಡಿರುವ ಈ ಸೌಲಭ್ಯ ಪೂರ್ತಿ ಉಚಿತ. ಉಚಿತವಾದದ್ದನ್ನು 3,000ಕ್ಕೆ ಮಾರುವವನು ಅಗ್ಗದ ವ್ಯಾಪಾರಿ ಹೇಗಾದಾನು? ಕೆರೆಯ ನೀರನ್ನು ಕೆರೆಗೇ ಚೆಲ್ಲಿ ಕೂಲಿ ಕೇಳುವ ಜಾತಿ ಇದು.

ಇನ್ನು ಮೊದಲ ಸ್ಥಾನದ ಮಾತು. ಸ್ಥಳೀಯ ಹುಡುಕಾಟದಲ್ಲಿ ಯಾವ ಅಂಗಡಿ ಮೇಲೆ ಬರಬೇಕೆಂಬುದನ್ನು ಮುಖ್ಯವಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆಂದು ಗೂಗಲ್ ತಾನೇ ಬರೆದಿಟ್ಟಿದೆ: ಹುಡುಕಿದ ಮಾತಿಗೂ ಅಂಗಡಿಯ ಕಸುಬಿಗೂ ಇರುವ ಹೊಂದಿಕೆ, ಹುಡುಕುವವರಿಂದ ಅಂಗಡಿಗಿರುವ ದೂರ, ಅಂಗಡಿಯ ಹೆಸರುವಾಸಿ. ಹಣ ಕೊಟ್ಟು ಈ ಸ್ಥಾನವನ್ನು ಕೊಳ್ಳಲಾಗದೆಂದೂ ಅಲ್ಲಿಯೇ ಹೇಳಿದೆ. ದೂರವೆಂಬುದೊಂದನ್ನೇ ಯೋಚಿಸಿ ನೋಡಿ. ಭೋಸರಿಯ ಮನೆಯೊಂದರಲ್ಲಿ ಪಂಪು ಕೆಟ್ಟು ಯಾರೋ ಹುಡುಕುತ್ತಿದ್ದರೆ, ಕಾಳೇವಾಡಿಯ ಅಂಗಡಿಗಿಂತ ಭೋಸರಿಯ ಅಂಗಡಿಯೇ ಮುಂದೆ ಬರುವುದು ಸಹಜ. ಹಾಗಿರುವಾಗ ಇಡೀ ನಗರಕ್ಕೆ ಮೊದಲಿಗನನ್ನಾಗಿಸುವೆನೆಂಬ ಭರವಸೆ, ಭೂಗೋಳವನ್ನೇ ತಿದ್ದುವೆನೆಂದ ಹಾಗಾಯಿತು. ಹಣ ಕೊಟ್ಟು ಮೇಲೇರುವ ಜಾಹೀರಾತು ಬೇರೆಯೇ ಇದೆ. ಅದರ ನೆತ್ತಿಯ ಮೇಲೆ ‘ಪ್ರಾಯೋಜಿತ’ ಎಂದು ಬರೆದಿರುತ್ತದೆ, ಹಣ ನಿಂತ ದಿನ ಅದೂ ನಿಲ್ಲುತ್ತದೆ. ಇವೆರಡರ ಭೇದವನ್ನು ಮಬ್ಬಾಗಿಸುವುದರಲ್ಲೇ ಈ ದಂಧೆಯ ಅನ್ನವಿದೆ.

ಹಾಗಾದರೆ ತಿಂಗಳ ಹಣಕ್ಕೆ ಅವರು ಮಾಡುವುದೇನು? ಬೋರ್ಡಿನ ಮೇಲಿರುವ ಹೆಸರಿಗೆ ‘ವಾಕಡ್, ರಾವೇತ್, ನಿಗಡಿಯಲ್ಲಿ ಅತ್ಯುತ್ತಮ’ ಎಂಬ ಬಾಲ ಕಟ್ಟುತ್ತಾರೆ. ನಿಯಮದ ಪ್ರಕಾರ ಅಂಗಡಿಯ ನಿಜವಾದ ಹೆಸರಷ್ಟೇ ಇರಬೇಕು, ಬಾಲ ಕಂಡರೆ ದಾಖಲೆಯನ್ನೇ ಅಮಾನತಿನಲ್ಲಿಡಬಹುದು. ಕಸದಂಥ ನೂರಾರು ಜಾಲತಾಣಗಳಲ್ಲಿ ಕೊಂಡಿಗಳನ್ನು ನೆಡುತ್ತಾರೆ. ಅಂಥ ಕೊಂಡಿಗಳ ಬಲದಿಂದ ಮೇಲೇರುವವರನ್ನು ಕೆಳಗಿಳಿಸಲೆಂದೇ ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಅಂದು ಸತ್ತ ಕುದುರೆಯನ್ನು ಇಂದಿಗೂ ಸಂತೆಯಲ್ಲಿ ಹಲ್ಲು ತೋರಿಸಿ ಮಾರುತ್ತಿದ್ದಾರೆ. ಕೊನೆಗೆ ಸುಳ್ಳು ವಿಮರ್ಶೆಗಳು. ಗ್ರಾಹಕರ ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರಡಿಸಬೇಕಾಯಿತೆಂದರೆ ರೋಗ ಎಷ್ಟು ಹಬ್ಬಿದೆಯೆಂದು ಊಹಿಸಿಕೊಳ್ಳಿ.

‘ಕೆಲಸ ಚೆನ್ನಾಗಿದ್ದರೆ ಜನ ತಾವಾಗಿ ಬರುತ್ತಾರೆ, ಈ ಹುಡುಕಾಟದ ಹುಚ್ಚೇ ಬೇಡ’ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮಾತು ಅವರ ಕಾಲಕ್ಕೆ ನಿಜವಾಗಿತ್ತು. 1954ರಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಪಿಂಪ್ರಿಗೆ ಬಂದಿತು. ಆಮೇಲೆ ಟೆಲ್ಕೊ, ಬಜಾಜ್ ಬಂದವು. ಕಾರ್ಖಾನೆಯ ಗೇಟು, ಪಾಳಿ ಮುಗಿಸಿ ಬಂದವರ ಚಹಾದ ಅಂಗಡಿ, ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆ, ಇವೇ ಅಂದಿನ ಹುಡುಕುಯಂತ್ರಗಳು. ಪ್ಲಂಬರು ಬೇಕೆಂದರೆ ಗಲ್ಲಾದಲ್ಲಿ ಕೂತ ಶೆಟ್ಟರನ್ನು ಕೇಳಿದರಾಯಿತು. ಇಂದು ರಾವೇತ್‌ನ ಹದಿನೆಂಟನೆಯ ಮಹಡಿಗೆ ನಿನ್ನೆಯಷ್ಟೇ ಬಂದಿಳಿದವನಿಗೆ ಯಾವ ಶೆಟ್ಟರೂ ಗೊತ್ತಿಲ್ಲ. ಅವನು ಫೋನನ್ನೇ ಕೇಳುತ್ತಾನೆ. ಫೋನಿನಲ್ಲಿ ಇಲ್ಲದವನು ಅವನ ಪಾಲಿಗೆ ಊರಲ್ಲೇ ಇಲ್ಲ. ಆದ್ದರಿಂದ ಈ ದಾಖಲೆ ಶೋಕಿಯಲ್ಲ, ಹೊಟ್ಟೆಪಾಡು. ಅದರ ಯಜಮಾನಿಕೆ ಯಾರ ಮಿಂಚಂಚೆಯ ಖಾತೆಯಲ್ಲಿದೆ ಎಂಬುದು ಅಂಗಡಿಯ ಬೀಗದ ಕೈ ಯಾರ ಬಳಿಯಿದೆ ಎಂಬಷ್ಟೇ ದೊಡ್ಡ ಪ್ರಶ್ನೆ. ಬೇರೆಯವರಿಂದ ಕೆಲಸ ಮಾಡಿಸಿಕೊಳ್ಳುವುದಿದ್ದರೆ ಅವರನ್ನು ನಿರ್ವಾಹಕರನ್ನಾಗಿ ಸೇರಿಸಿಕೊಳ್ಳಬಹುದು, ಬೇಡವಾದಾಗ ತೆಗೆಯಬಹುದು. ಮಾಲೀಕತ್ವವನ್ನು ಮಾತ್ರ ಕೊಡಬಾರದು.

ಈ ವಿದ್ಯೆ ಪೂರ್ತಿ ಪೊಳ್ಳೆಂದು ನಾನು ಹೇಳಲಾರೆ. ಒಳ್ಳೆಯ ಜಾಲತಾಣ ಕಟ್ಟುವವರು, ಯಾವ ಮಾತಿನಿಂದ ಗಿರಾಕಿ ಬಂದನೆಂದು ಲೆಕ್ಕ ಒಪ್ಪಿಸುವವರು ಇದ್ದಾರೆ, ಅವರಿಗೆ ತಕ್ಕ ಹಣ ಸಲ್ಲಲೇಬೇಕು. ಆದರೆ ಒಬ್ಬಂಟಿ ಕಸುಬುದಾರನಿಗೆ ಮೊದಲು ಬೇಕಾದದ್ದು ಅಷ್ಟೆಲ್ಲ ಅಲ್ಲ. ಸರಿಯಾದ ವರ್ಗ, ಸರಿಯಾದ ವೇಳೆ, ತನ್ನದೇ ನಂಬರು, ಮಾಡಿದ ಕೆಲಸದ ನಾಲ್ಕು ಚಿತ್ರ, ಮರಾಠಿ ಹಿಂದಿಗಳಲ್ಲಿ ನಾಲ್ಕು ಸಾಲು. ಕೆಲಸ ಮುಗಿದ ಮೇಲೆ ಗಿರಾಕಿಯನ್ನು ‘ಎರಡು ಮಾತು ಬರೆಯಿರಿ’ ಎಂದು ಕೇಳುವ ಧೈರ್ಯ. ಒಂದು ಮಧ್ಯಾಹ್ನದ ಕೆಲಸ.

ಆ ಮಧ್ಯಾಹ್ನವನ್ನು ಕೊಡದವರು ನಾವು, ಓದುಬರಹ ಬಲ್ಲವರು. ನವೆಂಬರಿನಲ್ಲಿ ಇದೇ ಕಸುಬುದಾರರ ಮುಂದೆ ರಸೀದಿ ಪುಸ್ತಕ ಹಿಡಿದು ನಿಲ್ಲುತ್ತೇವೆ, ಅವರ ದೇಣಿಗೆಯಿಂದ ಶಾಮಿಯಾನ ಹಾಕಿಸುತ್ತೇವೆ, ಅದರ ಕೆಳಗೆ ಕುಳಿತು ಹೊರನಾಡ ಕನ್ನಡಿಗನ ಅಸ್ತಿತ್ವದ ಬಗ್ಗೆ ಚಿಂತಿಸುತ್ತೇವೆ. ಅದೇ ಶಾಮಿಯಾನದಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪು, ಗೊತ್ತಿರುವ ಇಬ್ಬರು ಹುಡುಗರು ಕೂತಿದ್ದರೆ ಕಾಳೇವಾಡಿಯವರ 24,000 ರೂಪಾಯಿ ಉಳಿಯುತ್ತಿತ್ತು. ಬೇರೆಯವರನ್ನು ಬಯ್ಯುತ್ತಿಲ್ಲ, ರಸೀದಿ ಪುಸ್ತಕ ಹಿಡಿದು ಅವರ ಅಂಗಡಿಗೆ ಹೋದವರಲ್ಲಿ ನಾನೂ ಒಬ್ಬ.

ಮೊನ್ನೆಯ ಭಾನುವಾರ ಅವರ ಅಂಗಡಿಗೆ ಹೋಗಿದ್ದೆ. ಮಾಲೀಕತ್ವ ಮರಳಿ ಕೇಳುವ ಅರ್ಜಿ ಮೊದಲೇ ಹಾಕಿದ್ದಾಗಿತ್ತು, ಅತ್ತ ಕಡೆಯಿಂದ ಉತ್ತರವಿರಲಿಲ್ಲ. ಇನ್ನು ಅಂಗಡಿಯ ವಿಡಿಯೋ ತೆಗೆದು ಕಳಿಸಬೇಕು: ರಸ್ತೆ, ಬೋರ್ಡು, ಒಳಗಿನ ಉಪಕರಣ. ಫೋನು ಹಿಡಿದು ಶಟರಿನ ಮುಂದೆ ನಿಂತಾಗ ನೋಡಿದೆ, ಬೋರ್ಡಿನ ಮೇಲೆ ದೊಡ್ಡದಾಗಿ ದೇವನಾಗರಿ, ಅದರ ಕೆಳಗೆ ಇಂಗ್ಲಿಷು, ತೀರಾ ಮೂಲೆಯಲ್ಲಿ ಬಣ್ಣ ಮಾಸಿದ ಕನ್ನಡದಲ್ಲಿ ಮನೆದೇವರ ಹೆಸರು. ‘ಇದೂ ಬರಬೇಕೇನ್ರಿ?’ ಎಂದು ಕೇಳಿದರು. ಬರಲಿ ಎಂದೆ. ಬಟ್ಟೆ ಹಸಿ ಮಾಡಿ ತಂದು ಆ ಮೂಲೆಯನ್ನು ಒರೆಸತೊಡಗಿದರು.