ಅದತ್ತ ತಂತ್ರಾಂಶದಲ್ಲಿ ಅಚೌರ್ಯದ ಉಪದೇಶ

ಶ್ರಾವಕನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕಳ್ಳತನದ ಲಕ್ಷಣವನ್ನು ‘ಅದತ್ತ’ ಎಂಬ ಒಂದೇ ಮಾತಿನ ಮೇಲೆ ನಿಲ್ಲಿಸಿದ್ದಾರೆ. ವಸ್ತುವಿನ ಬೆಲೆ ಎಷ್ಟು, ಒಡೆಯನು ಬಡವನೋ ಬಲ್ಲಿದನೋ ಎಂಬುದು ಅಲ್ಲಿ ಗಣನೆಗೆ ಬಾರದು. ಅದನ್ನು ಕೊಡಲಾಗಿದೆಯೇ ಇಲ್ಲವೇ ಎಂಬುದೇ ಪ್ರಶ್ನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಬಿದ್ದು ಸಿಕ್ಕಿದ ಮತ್ತು ಮರೆತುಹೋದ ಪರವಸ್ತುವನ್ನು ಕೂಡ ವ್ರತಿಯು ಮುಟ್ಟಲಾಗದೆಂದು ವಿಧಿಸಿದ್ದಾರೆ. ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಈ ವಿಷಯವನ್ನು ಕೇಳದ ಶ್ರಾವಕರು ವಿರಳ. ಬಸದಿಗಳ ಟ್ರಸ್ಟುಗಳು ಹೊರತರುವ ವಾರ್ತಾಪತ್ರಿಕೆಗಳಲ್ಲಿಯೂ ಇದು ಪದೇಪದೇ ಅಚ್ಚಾಗುತ್ತದೆ. ಆದರೆ ಆ ಪತ್ರಿಕೆಯ ಪುಟಗಳನ್ನು ಜೋಡಿಸಿದ ತಂತ್ರಾಂಶವು ದತ್ತವೋ ಅದತ್ತವೋ ಎಂದು ಕೇಳುವವರು ಎಷ್ಟು ಮಂದಿ?

ವಸ್ತುಸ್ಥಿತಿಯನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಟ್ರಸ್ಟಿನ ಕಚೇರಿಯಲ್ಲಿ ಒಂದು ಗಣಕಯಂತ್ರವಿರುತ್ತದೆ. ಪರಿಚಿತನೊಬ್ಬನು ತನ್ನಲ್ಲಿದ್ದ ಪುಟವಿನ್ಯಾಸದ ತಂತ್ರಾಂಶವನ್ನು ಅದಕ್ಕೆ ತುಂಬಿಕೊಟ್ಟಿರುತ್ತಾನೆ. ಬೀಗ ಮುರಿದ ನಕಲಿಗೆ ರಸೀದಿಯೂ ಇಲ್ಲ, ಪರವಾನಗಿಯೂ ಇಲ್ಲ. ಅಕ್ಷರವಿನ್ಯಾಸಗಳೂ ಹಾಗೆಯೇ ಕೈಯಿಂದ ಕೈಗೆ ಬಂದವು. ದೀಪದ ಎಣ್ಣೆಗೂ ಅಭಿಷೇಕದ ಹಾಲಿಗೂ ಲೆಕ್ಕವಿಡುವ ಟ್ರಸ್ಟು ಇದಕ್ಕೆ ಮಾತ್ರ ಲೆಕ್ಕವಿಟ್ಟಿರುವುದಿಲ್ಲ.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಗಣಕದ ಕ್ರಮವಿಧಿಯನ್ನು ಸಾಹಿತ್ಯಕೃತಿಯ ವ್ಯಾಪ್ತಿಯಲ್ಲಿಯೇ ಸೇರಿಸಿದೆ. 1994ರ ತಿದ್ದುಪಡಿಯಿಂದ ಬಂದ 63-ಬಿ ಕಲಮಿನ ಪ್ರಕಾರ, ಕಳ್ಳನಕಲೆಂದು ತಿಳಿದೂ ಅದನ್ನು ಬಳಸುವವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಲಾಭಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯವು ಸೆರೆವಾಸವನ್ನು ಕೈಬಿಟ್ಟು 50 ಸಾವಿರದೊಳಗಿನ ದಂಡವನ್ನಷ್ಟೇ ವಿಧಿಸಲು ಅವಕಾಶವುಂಟು. ಧರ್ಮಸಂಸ್ಥೆಗಳು ಈ ಅವಕಾಶದಲ್ಲಿ ಸಮಾಧಾನ ಹುಡುಕುವುದು ವಿಷಾದಕರ. ಕಾಯಿದೆ ತೋರುವ ರಿಯಾಯಿತಿಯು ವ್ರತದ ರಿಯಾಯಿತಿಯಾಗಲಾರದು. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವ ‘ವಿರುದ್ಧರಾಜ್ಯಾತಿಕ್ರಮ’ವೂ ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಒಂದೆಂಬುದನ್ನು ಮರೆಯಬಾರದು.

ಇದನ್ನು ಎತ್ತಿ ತೋರಿಸಿದಾಗ ಬರುವ ಸಮರ್ಥನೆಗಳು ಹಲವು. ಮೊದಲನೆಯದು, ‘ಟ್ರಸ್ಟು ಏನನ್ನೂ ನಕಲು ಮಾಡಿಲ್ಲ, ಎಲ್ಲವೂ ಡಿ.ಟಿ.ಪಿ. ಮಾಡುವವನ ಹೊಣೆ’ ಎಂಬುದು. ಜೈನಧರ್ಮವು ಕೃತ, ಕಾರಿತ, ಅನುಮತ ಎಂಬ ಮೂರು ಬಾಗಿಲುಗಳಿಂದಲೂ ಕರ್ಮವು ಒಳಬರುವುದೆಂದು ಬೋಧಿಸುತ್ತದೆ. ಕಳ್ಳತನಕ್ಕೆ ಪ್ರೇರಿಸುವುದು ‘ಸ್ತೇನಪ್ರಯೋಗ’, ಕದ್ದು ತಂದುದನ್ನು ಸ್ವೀಕರಿಸುವುದು ‘ತದಾಹೃತಾದಾನ’, ಇವೆರಡೂ ಅತಿಚಾರಗಳೇ. ಕಡಿಮೆ ದರಕ್ಕೆ ಕೆಲಸವಾಗಬೇಕೆಂದು ಚೌಕಾಸಿ ಮಾಡಿ, ಆ ದರ ಹೇಗೆ ಸಾಧ್ಯವಾಯಿತೆಂದು ಕೇಳದೆ ಇರುವ ಪದಾಧಿಕಾರಿಯು ಮೂರನೆಯ ಬಾಗಿಲನ್ನು ತಾನೇ ತೆರೆದಿಟ್ಟಂತೆ.

ಎರಡನೆಯ ಸಮರ್ಥನೆ, ‘ಕಂಪನಿ ಶ್ರೀಮಂತವಾದುದು, ನಕಲಿನಿಂದ ಅದಕ್ಕೇನೂ ಕಡಿಮೆಯಾಗದು’ ಎಂಬುದು. ಕೊಡದುದನ್ನು ತೆಗೆದುಕೊಂಡ ಮೇಲೆ ಒಡೆಯನ ಉಗ್ರಾಣವನ್ನು ಎಣಿಸುವುದರಿಂದ ತೆಗೆದುಕೊಂಡವನ ಭಾವವು ಶುದ್ಧವಾಗುವುದಿಲ್ಲ. ಸಾಲದುದಕ್ಕೆ ಈ ವಾದವನ್ನು ಮುಂದಿಡುವವರಲ್ಲಿ ವ್ಯಾಪಾರಸ್ಥರೂ ಉಂಟು. ತಮ್ಮ ಅಂಗಡಿಯ ಹೆಸರಿನಲ್ಲಿ ಬೇರೊಬ್ಬನು ಸರಕು ಮಾರಿದರೆ ಅವರು ಇದೇ ಉದಾರತೆಯನ್ನು ತೋರುವರೇ?

ಮೂರನೆಯದು ಹೆಚ್ಚು ಸೂಕ್ಷ್ಮವಾದ ವಾದ. ‘ಪ್ರತಿ ಮಾಡಿಸುವುದು ನಮ್ಮ ಪರಂಪರೆಯಲ್ಲಿ ಪುಣ್ಯಕಾರ್ಯ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಹೌದು, ಹಂಚಿದಳು. ಆದರೆ ಆ ಮಹಾಸತಿಯು ತನ್ನ ದ್ರವ್ಯವನ್ನು ವ್ಯಯಿಸಿ ಕೊಟ್ಟಳು. ಶಾಸ್ತ್ರವು ಪಸರಿಸಲೆಂದೇ ರಚಿತವಾದುದು. ಅದರ ಪ್ರತಿಗೆ ಕವಿಯ ತಡೆಯಿರಲಿಲ್ಲ. ಹಂಚಲಾಗದೆಂಬ ಕರಾರಿನ ಮೇಲೆ ಮಾರಿದ ವಸ್ತುವನ್ನು ಗುಟ್ಟಾಗಿ ಹಂಚಿಕೊಳ್ಳುವುದನ್ನು ಆ ದಾನದೊಡನೆ ತೂಗುವುದು ಅತ್ತಿಮಬ್ಬೆಯ ಹೆಸರಿಗೆ ಅಪಚಾರ.

ವಿಚಿತ್ರವೆಂದರೆ, ಆ ಶಾಸ್ತ್ರದಾನದ ನಿಜವಾದ ಸಮಾನಧರ್ಮಿಯೊಂದು ಗಣಕದ ಲೋಕದಲ್ಲಿಯೇ ಇದೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಘೋಷಿಸಿದ ‘ಗ್ನೂ’ ಯೋಜನೆಯಿಂದ ಮುಕ್ತ ತಂತ್ರಾಂಶದ ಚಳವಳಿ ಮೊಳೆಯಿತು. 1989ರಲ್ಲಿ ಅವರು ರೂಪಿಸಿದ ಸಾರ್ವಜನಿಕ ಪರವಾನಗಿಯು, ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಪರಿಶೀಲಿಸುವ, ತಿದ್ದುವ ಹಾಗೂ ಪ್ರತಿ ಮಾಡಿ ಹಂಚುವ ಹಕ್ಕನ್ನು ಬರೆಹದಲ್ಲಿಯೇ ಕೊಡುತ್ತದೆ. ಇಲ್ಲಿ ಕರ್ತೃವೇ ದಾನಿ. ವಸ್ತು ಸ್ಪಷ್ಟವಾಗಿ ದತ್ತ. ಪಡೆದವನು ಮತ್ತೊಬ್ಬನಿಗೆ ಕೊಟ್ಟರೆ ಅದು ದೋಷವಾಗದೆ ದಾನದ ಮುಂದುವರಿಕೆಯಾಗುತ್ತದೆ.

ಈ ಬಗೆಯ ಸಾಧನಗಳಿಂದ ವಾರ್ತಾಪತ್ರಿಕೆಯೊಂದನ್ನು ಆದ್ಯಂತವಾಗಿ ಸಿದ್ಧಪಡಿಸಬಹುದು. 2001ರಲ್ಲಿ ಆರಂಭವಾದ ‘ಸ್ಕ್ರೈಬಸ್’ ಪುಟವಿನ್ಯಾಸಕ್ಕೆಂದೇ ರಚಿತವಾದುದು. ಅಂಕಣಗಳು, ಮಾದರಿ ಪುಟಗಳು, ನಾಲ್ಕು ಬಣ್ಣಗಳ ಮುದ್ರಣಕ್ಕೆ ಬೇಕಾದ ಪಿಡಿಎಫ್ ಎಲ್ಲವೂ ಅದರಲ್ಲಿವೆ. ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಲು ಅದಕ್ಕೆ ಬಹುಕಾಲ ಆಗುತ್ತಿರಲಿಲ್ಲ. ಅಕ್ಷರಜೋಡಣೆಯ ಹೊಸ ವ್ಯವಸ್ಥೆಯು 2017ರ ಪ್ರಾಯೋಗಿಕ ಆವೃತ್ತಿಯಲ್ಲಿ ಬಂದು, 2024ರ ಜನವರಿಯ 1.6ನೆಯ ಆವೃತ್ತಿಯೊಡನೆ ಸ್ಥಿರವಾಯಿತು. ಲೇಖನಗಳ ಬೆರಳಚ್ಚಿಗೂ ಸದಸ್ಯರ ವಿಳಾಸಪಟ್ಟಿಗೂ 2010ರಲ್ಲಿ ಹುಟ್ಟಿದ ‘ಲಿಬ್ರೆ ಆಫೀಸ್’ ಸಾಕು. ನಾಲ್ಕು ಪುಟಗಳ ಸಣ್ಣ ಪತ್ರಿಕೆಯಾದರೆ ಅದೊಂದರಿಂದಲೇ ಕೆಲಸ ಮುಗಿಯುತ್ತದೆ. ಚಿತ್ರಗಳಿಗೆ ‘ಗಿಂಪ್’, ರೇಖಾಕೃತಿಗಳಿಗೆ ‘ಇಂಕ್‌ಸ್ಕೇಪ್’ ಇವೆ. ‘ನೋಟೋ ಸೆರಿಫ್ ಕನ್ನಡ’, ‘ಲೋಹಿತ್’, ‘ಗುಬ್ಬಿ’, ‘ನವಿಲು’ ಮೊದಲಾದ ಅಕ್ಷರವಿನ್ಯಾಸಗಳನ್ನು ಬಳಸಲು ಯಾರ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ. ಇವುಗಳಲ್ಲಿ ಒಂದಕ್ಕೂ ಒಂದು ಪೈಸೆಯ ವೆಚ್ಚವಿಲ್ಲ.

ಇದರಲ್ಲಿ ಇನ್ನೊಂದು ಹಿತವೂ ಅಡಗಿದೆ. ಮೂಡುಬಿದಿರೆಯ ಬಸದಿಯಲ್ಲಿ ಕನ್ನಡ ಲಿಪಿಯ ತಾಡಪತ್ರಗಳಲ್ಲಿ ಉಳಿದುಬಂದ ಧವಲಾ ಟೀಕೆಯು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಒದಗುತ್ತಿತ್ತು. ಪಂಡಿತ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟವು ಅಚ್ಚಾದುದು 1939ರಲ್ಲಿ. ಮುಚ್ಚಿಟ್ಟ ಜ್ಞಾನದ ನಷ್ಟವೇನೆಂಬುದನ್ನು ಬಲ್ಲ ಸಮಾಜವಿದು. ಆದರೂ ಅದು ತನ್ನ ಇತ್ತೀಚಿನ ಬರೆಹಗಳನ್ನು ಹೊಸದೊಂದು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದೆ. ಕನ್ನಡದ ಡಿ.ಟಿ.ಪಿ.ಯಲ್ಲಿ ಮನೆಮಾತಾದ ‘ಪೇಜ್‌ಮೇಕರ್’ನ ಕೊನೆಯ ಆವೃತ್ತಿ ಬಂದುದು 2001ರಲ್ಲಿ. ಅದರಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಸಂಚಿಕೆಗಳನ್ನು ಹೊಸ ಗಣಕಗಳಲ್ಲಿ ತೆರೆಯುವುದು ಕಷ್ಟ. ತೆರೆದರೂ ಅಕ್ಷರಗಳು ಗೊಜಲಾಗಿ ಕಾಣುತ್ತವೆ. ಮುಕ್ತ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡದಲ್ಲಿ ಉಳಿಸಿದ ಬರೆಹವು ಒಂದು ಕಂಪನಿಯ ಮರ್ಜಿಗೆ ಒಳಪಡದೆ ಮುಂದಿನವರ ಸ್ವಾಧ್ಯಾಯಕ್ಕೂ ಒದಗುತ್ತದೆ.

ತೊಡಕುಗಳೇ ಇಲ್ಲವೆಂದಲ್ಲ. ಹಳೆಯ ಅಭ್ಯಾಸದ ಅಕ್ಷರಜೋಡಣೆಗಾರನು ಹೊಸತನ್ನು ಕಲಿಯಬೇಕು. ಮೊದಲ ಒಂದೆರಡು ಸಂಚಿಕೆಗಳು ತಡವಾದಾವು. ಅರ್ಕಾವೊತ್ತು ಮತ್ತು ಒತ್ತಕ್ಷರಗಳಿಗಾಗಿ ಕರಡನ್ನು ಇನ್ನೊಮ್ಮೆ ತಿದ್ದಬೇಕಾದೀತು. ಹಳೆಯ ಲೇಖನಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಓದಿ ನೋಡಬೇಕು. ಮುದ್ರಣಾಲಯದವರು ಹಳೆಯ ಕಡತವನ್ನೇ ಕೇಳಿದರೆ ಪಿಡಿಎಫ್ ಒಪ್ಪಿಸಿಕೊಳ್ಳುವಂತೆ ಅವರೊಡನೆ ಮಾತಾಡಬೇಕು. ಆದರೆ ಉಪವಾಸವನ್ನೂ ಏಕಾಶನವನ್ನೂ ವ್ರತವೆಂದು ನಗುನಗುತ್ತ ಆಚರಿಸುವ ಸಮಾಜಕ್ಕೆ ಇಷ್ಟು ಶ್ರಮ ಭಾರವೆನಿಸಿದರೆ, ವ್ರತವು ಅಡುಗೆಮನೆಯಿಂದ ಕಚೇರಿಗೆ ಬಂದಿಲ್ಲವೆಂದೇ ಅರ್ಥ.

ಬೆಲೆಯುಳ್ಳ ತಂತ್ರಾಂಶವೇ ಬೇಕೆನ್ನುವ ಟ್ರಸ್ಟು ಅದನ್ನು ಕೊಂಡುಕೊಳ್ಳಲಿ. ಸೇವಾಸಂಸ್ಥೆಗಳಿಗೆ ರಿಯಾಯಿತಿ ದರದಲ್ಲಿ ಕೊಡುವ ಕಂಪನಿಗಳುಂಟು. ಧಾರ್ಮಿಕ ಟ್ರಸ್ಟಿಗೆ ಅದು ಅನ್ವಯಿಸುವುದೇ ಎಂಬುದನ್ನು ಷರತ್ತುಗಳನ್ನು ಓದಿ ನಿರ್ಧರಿಸಬೇಕು. ಆದರೆ ಸಮಾನ ಫಲ ಕೊಡುವ ದತ್ತ ಸಾಧನವಿರುವಾಗ, ಭಕ್ತರ ಕಾಣಿಕೆಯ ಹಣವನ್ನು ವರ್ಷವರ್ಷವೂ ಬಾಡಿಗೆಯಂತೆ ತೆರುವುದು ಉಚಿತವೇ ಎಂಬುದೂ ವಿಚಾರಣೀಯ. ಕೊಳ್ಳುವುದೂ ದಾನವಾಗಿ ಪಡೆಯುವುದೂ ಧರ್ಮಸಮ್ಮತ ಮಾರ್ಗಗಳೇ. ಇವೆರಡನ್ನೂ ಬಿಟ್ಟ ಮೂರನೆಯ ಮಾರ್ಗಕ್ಕೆ ಶ್ರಾವಕಾಚಾರದಲ್ಲಿ ಒಂದೇ ಹೆಸರು.

ಆದುದರಿಂದ ಪ್ರತಿಯೊಂದು ಟ್ರಸ್ಟೂ ತನ್ನ ಮುಂದಿನ ವಾರ್ಷಿಕ ಸಭೆಯಲ್ಲಿ, ಲೆಕ್ಕಪತ್ರಗಳೊಡನೆ, ಕಚೇರಿಯ ಗಣಕದಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನೂ ಅವುಗಳ ಪರವಾನಗಿಯನ್ನೂ ಮಂಡಿಸಲಿ. ಪರವಾನಗಿಯಿಲ್ಲದುದನ್ನು ಆ ದಿನವೇ ತೆಗೆದುಹಾಕಲಿ. ಪತ್ರಿಕೆಯ ಕೆಲಸವನ್ನು ಹೊರಗೆ ಕೊಟ್ಟಿದ್ದರೆ ಕರಾರಿನಲ್ಲಿ ಈ ಷರತ್ತನ್ನು ಸೇರಿಸಿ, ಅದಕ್ಕೆ ತಕ್ಕ ದರವನ್ನೂ ಕೊಡಲಿ. ಸಮಾಜದ ಮನೆಗಳಲ್ಲಿ ಗಣಕ ಬಲ್ಲ ತರುಣ ತರುಣಿಯರಿಗೆ ಕೊರತೆಯಿಲ್ಲ. ಅವರಿಂದ ಈ ಸೇವೆಯನ್ನು ಕೇಳಿ ಪಡೆಯಲಿ. ಇದಾಗುವವರೆಗೆ ಅಚೌರ್ಯವನ್ನು ಕುರಿತ ಲೇಖನಗಳನ್ನು ಅಚ್ಚುಮಾಡುವ ಅಧಿಕಾರ ಆ ಪತ್ರಿಕೆಗಳಿಗೆ ಎಷ್ಟರಮಟ್ಟಿಗೆ ಉಂಟೆಂಬುದನ್ನು ಟ್ರಸ್ಟಿಗಳೇ ತಮ್ಮ ಪ್ರತಿಕ್ರಮಣದ ಹೊತ್ತಿನಲ್ಲಿ ಕೇಳಿಕೊಳ್ಳಲಿ.